ತೊಳೆದಿಟ್ಟ ಬೋಲ್ಟು

ಅಣ್ಣ ಮನೆಗೆ ಬಂದರೆ ಗಾಡಿ ಕೂಡಲೇ ಸುಮ್ಮನಾಗುತ್ತಿರಲಿಲ್ಲ. ಗಂಗಾವತಿಯ ನಮ್ಮ ಓಣಿಯಲ್ಲಿ ಪಿಕಪ್ಪನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಇಂಜಿನ್ನನ್ನು ಹಾಗೇ ಮೆಲ್ಲಗೆ ಓಡಲು ಬಿಟ್ಟು, ಸೀಟಿನಲ್ಲೇ ಕೂತಿರುತ್ತಿದ್ದ. ಟರ್ಬೊ ಇರುವ ಗಾಡಿಯನ್ನು ದೂರ ಓಡಿಸಿ ಬಂದ ಕೂಡಲೇ ಆರಿಸಬಾರದು, ಅದಕ್ಕೆ ತಣಿಯಲು ಸ್ವಲ್ಪ ಹೊತ್ತು ಬೇಕು ಎಂಬುದು ಅವನ ನಿಯಮ. ಆ ಗುರುಗುರು ಕೇಳಿಸಿದರೆ ಒಳಗೆ ಅವನ ಹೆಂಡತಿ, ನಮ್ಮ ವೈನಿ, ಒಲೆಯ ಮೇಲೆ ಹಂಚು ಇಡುತ್ತಿದ್ದರು. ಇಂಜಿನ್ ನಿಲ್ಲುವುದಕ್ಕೂ ಮೊದಲ ರೊಟ್ಟಿ ಏಳುವುದಕ್ಕೂ ಸರಿಹೋಗುತ್ತಿತ್ತು.

ನನ್ನ ನೆನಪಿನಲ್ಲಿ ಇರುವುದು ಹೀಗೆ. ವೈನಿಯನ್ನು ಕೇಳಿದರೆ, ರಾತ್ರಿ ನಿಮ್ಮ ಅಣ್ಣ ರೊಟ್ಟಿ ತಿನ್ನುತ್ತಲೇ ಇರಲಿಲ್ಲ, ಅನ್ನ ಮಜ್ಜಿಗೆ ಅಷ್ಟೇ, ಎನ್ನುತ್ತಾರೆ. ಹಾಗಾದರೆ ಆ ಹಂಚು ಎಲ್ಲಿಂದ ಬಂತು? ಧಾರವಾಡದಲ್ಲಿ ಇತಿಹಾಸ ಓದಿ, ಅದನ್ನೇ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಅಲೆದು ಕಲಿಸುತ್ತಿರುವವನು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಅಣ್ಣನಿಗೆ ಇದೆಲ್ಲ ತಮಾಷೆ. 'ಇವಂಗ ತನ್ನ ಹೆಸರಿನ ಮ್ಯಾಲೂ ಅನುಮಾನ ಐತಿ' ಎಂದು ಎಲ್ಲರೆದುರು ನಗುತ್ತಿದ್ದ. ಆ ನಗುವಿನ ಬಗ್ಗೆ ನನಗೆ ಅನುಮಾನವಿರಲಿಲ್ಲ. ಈಗ ಅದೂ ಇದೆ. ಯಾಕೆ ಎಂಬುದನ್ನು ಬರೆಯಬೇಕು.

ಅಣ್ಣ ಗಂಗಾವತಿಯ ಅಕ್ಕಿಯನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಕಿರಾಣಿ ಅಂಗಡಿಗಳಿಗೆ ಹಾಕಿ, ಬರುವಾಗ ಉಳ್ಳಾಗಡ್ಡಿ ತುಂಬಿಕೊಂಡು ಬರುತ್ತಿದ್ದ. ಕಳೆದ ವರ್ಷ ಬೇಸಿಗೆಗೆ ಮುಂಚೆ ಪಿಕಪ್ಪು ಏರು ಹತ್ತುವಾಗ ಉಸಿರು ಕಟ್ಟಿದಂತೆ ಆಡತೊಡಗಿತು. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಅವನ ಗೆಳೆಯನ ಗ್ಯಾರೇಜು ಇದೆ. ಇಬ್ಬರೂ ಒಂದೇ ಸಾಲಿಯಲ್ಲಿ ಓದಿ, ಒಂದೇ ವರ್ಷ ಸಾಲಿ ಬಿಟ್ಟವರು. ನಾನು ಅವರನ್ನು ಭಾಯಿ ಎನ್ನುತ್ತೇನೆ. ಗ್ಯಾರೇಜಿಗೆ ಬರುವ ಗಿರಾಕಿಗಳಿಗೆಲ್ಲ ಅವರು 'ಮಿಸ್ತ್ರಿ', ವೈನಿಗೆ ಮಾತ್ರ 'ಅಣ್ಣಾರ', ಅವರಿಗೆ ವೈನಿ 'ಭಾಭಿ'. ಅಣ್ಣ 'ದೋಸ್ತ' ಎಂದು ಕರೆದು, ಕರೆದ ಕೂಡಲೇ ಒಂದು ಬೈಗುಳ ಸೇರಿಸುತ್ತಿದ್ದ.

ಭಾಯಿ ಬಾನೆಟ್ ಎತ್ತಿ, ಟರ್ಬೊ ಸವೆದಿದೆ, ಬದಲಿಸಬೇಕು ಎಂದರು. ಇಂಜಿನ್ನಿನ ಹೊಗೆಯ ರಭಸಕ್ಕೆ ಗಿರ್ರನೆ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಣ್ಣ ಚಕ್ರ ಅದು. ಚಕ್ರದ ನಡುವಿನ ಕಂಬಿ ಆಯಿಲ್‌ನ ಮೇಲೆ ತೇಲಿಕೊಂಡೇ ತಿರುಗುತ್ತದೆ. ಆಯಿಲ್ ಕಡಿಮೆಯಾದರೆ ಕಂಬಿ ಸುಟ್ಟು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಸೀಲು ದಾಟಿ ಹೊಗೆಯಾಗುತ್ತದೆ. ಸುತ್ತಲಿನ ಕಬ್ಬಿಣ ಕಾಯದಂತೆ ಕೂಲೆಂಟ್ ನೀರು ಬೇರೆ ಪೈಪಿನಲ್ಲಿ ಸುತ್ತಿ ಹೋಗಬೇಕು. ಇಷ್ಟನ್ನೂ ನನಗೆ ಹೇಳಿದ್ದು ಭಾಯಿ. ರಜೆಯ ದಿನವಾದ್ದರಿಂದ ಅಣ್ಣನ ಜೊತೆ ನಾನೂ ಹೋಗಿದ್ದೆ.

ಹುಬ್ಬಳ್ಳಿಯಿಂದ ತರಿಸಿದ ಟರ್ಬೊ ಅದೇ ಮಾದರಿಯ ಗಾಡಿಯದಾದರೂ ಒಳಗಿನ ರಚನೆ ಸ್ವಲ್ಪ ಬೇರೆ ಇತ್ತು. ಹಳೆಯದರಲ್ಲಿ ಆಯಿಲ್ ಹೋಗುವ ಬೋಲ್ಟಿನ ತೂತು ಸಣ್ಣದು. ಈ ಬೋಲ್ಟು ಒಳಗೆ ಟೊಳ್ಳು, ಅದರ ಮೂಲಕವೇ ಆಯಿಲ್ ಹರಿಯುತ್ತದೆ. ಹೊಸ ಟರ್ಬೊದ ಬಾಯಿಯಲ್ಲೇ ದಾರಿಯನ್ನು ಸಣ್ಣ ಮಾಡಿದ್ದರು. ಹಾಗಾಗಿ ಅದಕ್ಕೆ ಅಗಲ ತೂತಿನ ಬೋಲ್ಟೇ ಬೇಕು. ಸಣ್ಣದರ ಮೇಲೆ ಸಣ್ಣದನ್ನು ಹಾಕಿದರೆ ಆಯಿಲ್ ಹನಿಹನಿಯಾಗಿ ಮಾತ್ರ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಬೋಲ್ಟು ಒಂದೇ. ತಿರುಪಿನ ಸುತ್ತು ಒಂದೇ, ತಲೆ ಒಂದೇ, ಉದ್ದ ಒಂದೇ.

ಭಾಯಿ ಎರಡನ್ನೂ ನನ್ನ ಕೈಗೆ ಕೊಟ್ಟು, 'ಊದಿ ನೋಡ್ರಿ ಸರ' ಎಂದರು.

ಒಂದು ಸೀಟಿ ಹೊಡೆದಂತೆ ಸಣ್ಣಗೆ ಸದ್ದು ಮಾಡಿತು. ಇನ್ನೊಂದರಲ್ಲಿ ಉಸಿರು ಸುಮ್ಮನೆ ಹೊರಟುಹೋಯಿತು.

'ಸೀಟಿ ಹೊಡಿಯೂದು ಹಳೇದು. ಉಸುರು ಬಿಡೂದು ಹೊಸಾದು' ಎಂದರು ಭಾಯಿ.

'ಹಂಗಂದ್ರ ಹಳೇದ ಛಲೋ ಐತಿ ಬಿಡೋ, ಹಾಡರ ಹಾಡ್ತೈತಿ' ಎಂದ ಅಣ್ಣ.

'ನೀ ಬಾಯಿ ಮುಚ್ಚಿದ್ರ ಕೆಲಸ ಲಗೂನ ಆಕ್ಕೈತಿ.'

'ನಾ ಬಾಯಿ ಮುಚ್ಚಿದ್ರ ನಿನ್ನ ಗ್ಯಾರೇಜಿಗೆ ಯಾರು ಬರ್ತಾರಲೇ?'

ಅಂದು ನಡೆದ ಉಳಿದ ಕೆಲಸವೂ ನನಗೆ ಒಂದೊಂದಾಗಿ ಕಾಣುತ್ತದೆ. ಆಯಿಲ್ ಕೆಳಗಿಳಿಯುವ ಪೈಪಿಗೆ ಅಂಗಡಿಯವನು ನೀರಿನ ಪೈಪಿನ ರಬ್ಬರನ್ನೇ ಕಳಿಸಿದ್ದ. ಭಾಯಿ ಅದನ್ನು ವಾಪಸು ಕಳಿಸಿದರು. ಆಯಿಲ್ ತಾಗಿದರೆ ಆ ರಬ್ಬರು ಉಬ್ಬಿ ಒಳಗಿನ ದಾರಿ ಮುಚ್ಚಿಕೊಳ್ಳುತ್ತದಂತೆ. ಬೇರೆ ಪೈಪು ಬಂದ ಮೇಲೂ ಅದು ಎಲ್ಲೂ ಮೇಲೇಳದೆ ಇಳಿಜಾರಾಗಿಯೇ ಇರಬೇಕೆಂದು ಎರಡು ಸಲ ಬಿಚ್ಚಿ ಕೂರಿಸಿದರು. ಹಳೆಯ ತಾಮ್ರದ ವಾಷರುಗಳನ್ನು ಮತ್ತೆ ಹಾಕಲಿಲ್ಲ. ಕೂಲೆಂಟ್ ಹುಯ್ಯುವಾಗ ಪೈಪನ್ನು ಹಿಂಡಿ ಹಿಂಡಿ ಒಳಗಿನ ಗಾಳಿ ತೆಗೆದರು. ಇಷ್ಟು ಜತನದ ಕೆಲಸ.

ಭಾಯಿಯ ಗ್ಯಾರೇಜಿಗೆ ಒಂದು ರಿವಾಜು ಇದೆ. ಗಾಡಿಯಿಂದ ತೆಗೆದ ಹಳೆಯ ಸಾಮಾನನ್ನು ಅವರು ಮಾಲೀಕನ ಕೈಗೇ ಕೊಡುತ್ತಾರೆ. ಹೊಸದು ಹಾಕಿದ್ದೇವೆ ಎಂದು ಹೇಳಿ ಹಳೆಯದನ್ನೇ ಒರೆಸಿ ಕೂರಿಸುವವರು ಇರುವ ಊರಿನಲ್ಲಿ ಅದು ಅವರ ಮಾತಿನ ಖಾತ್ರಿ. ಬೇರೆಯವರೂ ಕೊಡುತ್ತಾರೆ, ಆದರೆ ಭಾಯಿ ಕೊಡುವ ರೀತಿ ಬೇರೆ. ಡೀಸೆಲ್ಲಿನಲ್ಲಿ ಅದ್ದಿ, ಬ್ರಷ್ಷಿನಿಂದ ಮಸಿ ತೆಗೆದು, ಹೊಳೆಯುವಂತೆ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಾರೆ. ಅವರ ತಂದೆಯೂ ಹಾಗೇ ಕೊಡುತ್ತಿದ್ದರಂತೆ. ಹೊಲಸು ಸಾಮಾನನ್ನು ಯಾರ ಕೈಗೂ ಕೊಡಬಾರದು ಎನ್ನುತ್ತಿದ್ದರಂತೆ.

ಅಂದೂ ಹಳೆಯದನ್ನೆಲ್ಲ ತೊಳೆದು ಬಟ್ಟೆಯ ಮೇಲೆ ಹರಡಿದರು. ಪಕ್ಕದಲ್ಲಿ ಹೊಸದು ಇತ್ತು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು, ಹೋಗಿ ಬಂದರು. ನಾವು ಚಹಾ ಕುಡಿದೆವು. ಬಂದವರೇ ಆಯಿಲ್ ಬೋಲ್ಟು ಎತ್ತಿಕೊಂಡು ಹಾಕಿ ಬಿಗಿದರು. ಅವರು ಎತ್ತಿದ್ದು ಉಸಿರು ಬಿಡುವ ಬೋಲ್ಟನ್ನು. ನಾನು ನೋಡಿದ್ದೇನೆ. ಬೆಳಕಿಗೆ ಹಿಡಿದು ತೂತು ನೋಡಿದರು, ಅಣ್ಣ ಏನೋ ಅಂದ, ಇಬ್ಬರೂ ನಕ್ಕರು. ಮುಂದೆ ತಿಂಗಳುಗಟ್ಟಲೆ ಈ ದೃಶ್ಯವನ್ನು ನಾನು ಅಷ್ಟೇ ಸ್ಪಷ್ಟವಾಗಿ ಕಂಡಿದ್ದೇನೆ.

ಗಂಟನ್ನು ಅಣ್ಣ ಸೀಟಿನ ಕೆಳಗೆ ತಳ್ಳಿದ.

ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ, ಇರಕಲ್ಲಗಡ ದಾಟಿ ಕುಷ್ಟಗಿ ಕಡೆಗೆ ಹೋಗುವ ದಾರಿಯ ಏರಿನಲ್ಲಿ ಪಿಕಪ್ಪು ನಿಂತಿತು. ತುಂಬಾ ಅಕ್ಕಿ ಚೀಲ ಇತ್ತು. ಅಣ್ಣ ಭಾಯಿಗೆ ಫೋನು ಮಾಡಿದ. ಹೊಗೆ ಬಹಳ ಬರುತ್ತಿದೆ, ಎಳೆಯುತ್ತಿಲ್ಲ ಎಂದ. ಓಡಿಸಬೇಡ, ಇಂಜಿನ್ನೂ ಹೋದೀತು, ಅಲ್ಲೇ ನಿಲ್ಲಿಸು, ಬರುತ್ತೇನೆ ಎಂದರು ಭಾಯಿ. ಬೇರೊಂದು ಗಾಡಿ ಹೊಂದಿಸಿಕೊಂಡು ಅವರು ಹೋಗುವಷ್ಟರಲ್ಲಿ ಅಣ್ಣ ರಸ್ತೆ ಬದಿಯ ಬೇವಿನ ಮರಕ್ಕೆ ಒರಗಿ ಕೂತಿದ್ದ. ಭಾಯಿ ದೂರದಿಂದಲೇ ಬೈದುಕೊಂಡು ಹತ್ತಿರ ಹೋದರಂತೆ. ಉತ್ತರ ಬರಲಿಲ್ಲ. ಕೊಪ್ಪಳದ ಆಸ್ಪತ್ರೆಗೆ ಅವರೇ ತಂದರು. ಎದೆ ನಿಂತು ಬಹಳ ಹೊತ್ತಾಗಿದೆ ಎಂದರು ಡಾಕ್ಟರು. ಬೇಗ ತಂದಿದ್ದರೆ? ಎಂದು ನಾನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಹೌದು ಅಂದಿದ್ದರೂ ಇಲ್ಲ ಅಂದಿದ್ದರೂ ಅದನ್ನು ಹಿಡಿದುಕೊಂಡು ಬದುಕಬಹುದಿತ್ತು.

ಪಿಕಪ್ಪನ್ನು ಭಾಯಿಯೇ ಎಳೆದು ತಂದು ಗ್ಯಾರೇಜಿನ ಹಿಂದೆ ನಿಲ್ಲಿಸಿ ತಾಡಪತ್ರಿ ಹೊದಿಸಿದರು. ಒಳಗಿದ್ದ ಒಂದು ನಟ್ಟನ್ನೂ ಮುಟ್ಟಲಿಲ್ಲ. ನಾನು ಹೋದಾಗಲೆಲ್ಲ ಅದೇ ಮಾತು ಬರುತ್ತಿತ್ತು.

'ಸರ, ನೀವು ಅಲ್ಲೇ ಇದ್ರಿ. ನಾ ಅಗಲದ್ದ ಹಾಕೀನಲ್ಲಾ?'

'ಹೌದು ಭಾಯಿ, ನಾ ನೋಡೀನಿ.'

'ಖರೇನ?'

'ಬೆಳಕಿಗೆ ಹಿಡದು ನೋಡಿ ಹಾಕಿದ್ರಿ.'

ಅವರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಮುಂದಿನ ಸಲ ಮತ್ತೆ ಕೇಳುತ್ತಿದ್ದರು. ನಾನು ಸಮಾಧಾನಕ್ಕೆಂದು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಹೇಳುತ್ತಿದ್ದೆ.

ತಾಡಪತ್ರಿ ತೆಗೆಸಿದವರು ವೈನಿ. ಬಾಡಿಗೆ ಗಾಡಿಯಲ್ಲಿ ಅಕ್ಕಿಯ ವ್ಯಾಪಾರವನ್ನು ನಿಲ್ಲದಂತೆ ನಡೆಸಿಕೊಂಡು ಬಂದು, ನಡುವೆ ಡ್ರೈವಿಂಗ್ ಕಲಿತು ಲೈಸೆನ್ಸು ತೆಗೆದುಕೊಂಡಿದ್ದರು. ಮೊನ್ನೆ ದೀಪಾವಳಿ ಮುಗಿದ ಮೇಲೆ ಭಾಯಿಗೆ ಫೋನು ಮಾಡಿ, 'ಅಣ್ಣಾರ, ಗಾಡಿ ರೆಡಿ ಮಾಡ್ರಿ. ನಾನ ಓಡಸ್ತೀನಿ' ಎಂದರು. ಭಾಯಿ, ಬೇರೆ ಗ್ಯಾರೇಜಿಗೆ ಕಳಿಸಲೇ ಎಂದು ಕೇಳಿದರಂತೆ. 'ಅವರ ಗಾಡಿಗೆ ಬ್ಯಾರೆಯವರು ಕೈ ಹಚ್ಚೂದು ಬ್ಯಾಡ್ರಿ' ಎಂದರಂತೆ ವೈನಿ.

ಬಿಚ್ಚುವ ದಿನ ಭಾಯಿ ನನ್ನನ್ನು ಕರೆದರು. ಒಬ್ಬನೇ ಬಿಚ್ಚಲಾರೆ ಎಂದು ಹೇಳಲಿಲ್ಲ. ಆಳುಗಳು ಊರಿಗೆ ಹೋಗಿದ್ದಾರೆ, ಬರ್ರಿ ಎಂದರು.

ಟರ್ಬೊದ ಕಂಬಿ ಕಚ್ಚಿಕೊಂಡಿತ್ತು. ಬೆರಳಿನಿಂದ ಒತ್ತಿದರೆ ಚಕ್ರ ಅಲುಗಲಿಲ್ಲ. ಭಾಯಿ ಮೊದಲು ನೀರಿನ ಪೈಪುಗಳನ್ನು ಬಿಚ್ಚಿದರು. ಅವು ಸರಿಯಾಗಿದ್ದವು. ಕೆಳಗಿನ ಆಯಿಲ್ ಪೈಪು ಬಿಚ್ಚಿ, ಕಣ್ಣಿಗೆ ಹಿಡಿದು, ದಾರಿ ತೆರವಾಗಿದೆ ಎಂದು ನನಗೂ ತೋರಿಸಿದರು. ಮೇಲಿನ ಬೋಲ್ಟನ್ನು ಕೊನೆಗೆ ಉಳಿಸಿಕೊಂಡಿದ್ದರು. ಪಾನಾ ಹಾಕಿ ತಿರುಗಿಸಿದರು. ಬಂದ ಬೋಲ್ಟನ್ನು ಒರೆಸಿ, ನೋಡದೆ, ನನ್ನ ಅಂಗೈಯಲ್ಲಿ ಇಟ್ಟರು.

'ಊದ್ರಿ.'

ಊದಿದೆ. ಸೀಟಿ ಹೊಡೆಯಿತು.

ಮಸಿ ಕಟ್ಟಿರಬಹುದು ಎಂದೆ. ಭಾಯಿ ಅದನ್ನು ಡೀಸೆಲ್ಲಿನಲ್ಲಿ ತೊಳೆದರು, ಸಣ್ಣ ತಂತಿ ಹಾಯಿಸಿದರು, ತಾವೇ ಊದಿದರು. ಅದೇ ಸೀಟಿ. ಆಮೇಲೆ ಗಾಡಿಯ ಬಾಗಿಲು ತೆಗೆದು, ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ, ಧೂಳು ಹಿಡಿದ ಗಂಟನ್ನು ಹೊರಗೆ ಎಳೆದರು. ಹಳೆಯ ವಾಷರುಗಳಿದ್ದವು, ಗಟ್ಟಿಯಾದ ರಬ್ಬರಿನ ತುಂಡು ಇತ್ತು, ಜೊತೆಗೆ ಒಂದು ಬೋಲ್ಟು. ಒಮ್ಮೆಯೂ ಬಳಸದ್ದು, ಹೊಳೆಯುತ್ತಿತ್ತು. ಊದಿದರೆ ಸದ್ದೇ ಇಲ್ಲ.

ಹಳೆಯದನ್ನು ಹೊಸದರಂತೆ ತೊಳೆದು ಹೊಸದರ ಪಕ್ಕದಲ್ಲೇ ಇಟ್ಟಿದ್ದರು. ನಮಾಜು ಮುಗಿಸಿ ಬಂದ ಕೈ ತಪ್ಪು ಬೋಲ್ಟನ್ನು ಎತ್ತಿತ್ತು. ಹೊಲಸಾಗಿ ಬಿಟ್ಟಿದ್ದರೆ ಕುರುಡನೂ ಗುರುತು ಹಿಡಿಯುತ್ತಿದ್ದ. ಅಣ್ಣ ಬೇವಿನ ಮರದ ಕೆಳಗೆ ಕೂತಿದ್ದಾಗ, ಆ ಗಾಡಿಗೆ ಬೇಕಾಗಿದ್ದ ಬೋಲ್ಟು ಅವನ ಸೀಟಿನ ಕೆಳಗೇ ಇತ್ತು.

ಭಾಯಿ ಟಯರಿನ ಮೇಲೆ ಕೂತುಬಿಟ್ಟರು. ನನಗೆ ಅವರ ಮುಖ ನೋಡುವುದಕ್ಕಿಂತ ಬೇರೊಂದು ಕಷ್ಟವಾಗುತ್ತಿತ್ತು. ಬೋಲ್ಟನ್ನು ಬೆಳಕಿಗೆ ಹಿಡಿದ ಆ ಕೈ ನನಗೆ ಆಗಲೂ ಕಾಣುತ್ತಿತ್ತು. ಸುಳ್ಳು ಎಂದು ಗೊತ್ತಾದ ಮೇಲೂ ಅದರ ಬಣ್ಣ ಮಾಸಿರಲಿಲ್ಲ. ಅದರ ಬೆನ್ನಿಗೇ ಅಣ್ಣ ಏನೋ ಅಂದದ್ದು, ಇಬ್ಬರೂ ನಕ್ಕದ್ದು. ಕೈ ಸುಳ್ಳಾದರೆ ನಗು ಖರೆಯಾಗುವುದು ಹೇಗೆ? ಅಣ್ಣನ ಕೊನೆಯ ನಗು ಎಂದು ನಾನು ಇಟ್ಟುಕೊಂಡಿದ್ದು ಅದೊಂದನ್ನೇ.

'ಭಾಯಿ, ವೈನಿಗೆ ಹೇಳೂದು ಬ್ಯಾಡ' ಎಂದೆ.

'ಹಳೇ ಸಾಮಾನು ಕೊಡಬೇಕಲ್ರೀ.'

'ಬ್ಯಾರೆ ಬೋಲ್ಟ್ ಕೊಡ್ರಿ. ಅವರಿಗೇನು ತಿಳೀತೈತಿ?'

ಅವರು ತಲೆ ಎತ್ತಿದರು. 'ಆವತ್ತು ನಿಮ್ಮ ಅಣ್ಣಗ ಕೊಟ್ಟಿದ್ದೂ ಬ್ಯಾರೆ ಬೋಲ್ಟ್‌ನ ಅಲ್ಲೇನ್ರಿ?'

ನಾನು ಸಣ್ಣ ತೂತಿನ ಬೋಲ್ಟನ್ನು ಗಂಟಿನೊಳಗೆ ಹಾಕಿದೆ.

ಹೊಸ ಟರ್ಬೊ ಬಂದು, ಕೂರಿಸಿ ಆದ ಮೇಲೆ ವೈನಿ ಗಂಗಾವತಿಯಿಂದ ಬಸ್ಸಿನಲ್ಲಿ ಬಂದರು. ನಾನು ಭಾಗ್ಯನಗರಕ್ಕೆ ಹೋಗದೆ ಇರಬಹುದಿತ್ತು, ಹೋದೆ. ಭಾಯಿ ಇಂಜಿನ್ ಹತ್ತಿಕೊಳ್ಳದಂತೆ ತಂತಿಯೊಂದನ್ನು ಬಿಚ್ಚಿ, ಮೊದಲು ಸುಮ್ಮನೆ ತಿರುಗಿಸಿ, ಆಯಿಲ್ ಮೇಲಿನವರೆಗೆ ಏರಲಿ ಎಂದು ಕಾಯ್ದರು. ಆಮೇಲೆ ಸ್ಟಾರ್ಟ್ ಮಾಡಿದರು. ಅದೇ ಗುರುಗುರು. ವೈನಿ ಬಾಗಿಲಿನ ಮೇಲೆ ಕೈಯಿಟ್ಟು ನಿಂತಿದ್ದರು. ಭಾಯಿ ಆರಿಸಲು ಹೋದಾಗ, 'ಇರ್ಲಿ ಬಿಡ್ರಿ ಅಣ್ಣಾರ, ಸ್ವಲ್ಪ ಹೊತ್ತು' ಎಂದರು.

ಸ್ವಲ್ಪ ಹೊತ್ತಿನ ಮೇಲೆ ಭಾಯಿಯೇ ಆರಿಸಿ ಕೆಳಗಿಳಿದರು. ಎರಡು ಬೋಲ್ಟಿನ ಕಥೆಯನ್ನು ನಿಂತುಕೊಂಡೇ ಹೇಳಿದರು. ಏನನ್ನೂ ಬಿಡಲಿಲ್ಲ. ಹಳೆಯದನ್ನು ತೊಳೆದಿಟ್ಟದ್ದು, ನಮಾಜಿಗೆ ಹೋದದ್ದು, ಬಂದು ಊದಿ ನೋಡದೆ ಹಾಕಿದ್ದು. ಸರ್ ನೋಡಿದ್ದರು ಎಂಬ ಮಾತನ್ನು ಮಾತ್ರ ಎತ್ತಲಿಲ್ಲ. ನಾನು ನಡುವೆ ಬಾಯಿ ಹಾಕಿ, 'ನಾನೂ ಅಗಲದ್ದ ಹಾಕಿದ್ರು ಅಂತನ ತಿಳ್ಕೊಂಡಿದ್ದೆ ವೈನಿ' ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

'ಆವತ್ತು ಫೋನಿನ್ಯಾಗ ಅವರು ಏನಂದ್ರು?' ಎಂದು ಭಾಯಿಯನ್ನು ಕೇಳಿದರು.

'ಹೊಗಿ ಭಾಳ ಬರಾಕತ್ತೈತಿ ದೋಸ್ತ ಅಂದ. ನಾ ನಿಲ್ಲಸು ಅಂದೆ.'

'ಎದಿನೋವು ಅಂದ್ರೇನು?'

'ಇಲ್ಲ ಭಾಭಿ. ಸೆಕಿ ಭಾಳ ಐತಿ, ಲಗೂ ಬಾ ಅಂದ.'

'ಲಗೂ ಬಾ ಅಂದ್ರು.'

'ಹೂಂ.'

ರಸ್ತೆಯಲ್ಲಿ ಯಾರೋ ಕಬ್ಬಿಣ ಕೊಯ್ಯುವ ಸದ್ದು ಬರುತ್ತಿತ್ತು. ಅದು ನಿಂತ ಮೇಲೆ ವೈನಿ ಕೈ ಚಾಚಿದರು. 'ಹಳೇ ಸಾಮಾನು ಕೊಡ್ರಿ.'

ಭಾಯಿ ಗಂಟು ಕೊಟ್ಟರು. ಅವರು ಅದನ್ನು ಬಿಚ್ಚಿದರು. ಸಣ್ಣ ತೂತಿನ ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಆಕಾಶಕ್ಕೆ ಎತ್ತಿ ನೋಡಿದರು. ಅಣ್ಣನ ಎದೆ ಯಾವ ಕಾರಣಕ್ಕೆ ನಿಂತಿತೋ ಅದು ಆ ತೂತಿನಲ್ಲಿ ಕಾಣುವಂತಿರಲಿಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ. ಗಂಟು ಕಟ್ಟಿ, ಅದನ್ನು ಸೀಟಿನ ಕೆಳಗೆ, ಮೊದಲಿದ್ದಲ್ಲಿಯೇ ತಳ್ಳಿದರು. ಸೀಟನ್ನು ಮುಂದಕ್ಕೆ ಸರಿಸಿಕೊಳ್ಳಲು ಅವರಿಗೆ ಬರಲಿಲ್ಲ. ಅಣ್ಣನ ಉದ್ದಕ್ಕೆ ಹೊಂದಿಸಿದ್ದ ಸೀಟು. ಭಾಯಿ ಬಗ್ಗಿ ಸರಿಸಿಕೊಟ್ಟರು.

'ಸರ್ವಿಸಿಗೆ ಯಾವಾಗ ತರಬೇಕ್ರಿ, ಮಿಸ್ತ್ರಿ?' ಎಂದು ಕೇಳಿದರು ವೈನಿ.

ಭಾಯಿ ಹೇಳಿದರು. ಗಾಡಿ ತಿರುಗಿ ರಸ್ತೆಗೆ ಹೋಯಿತು.

ವೈನಿ ಈಗ ಗಾಡಿಯನ್ನು ತಪ್ಪದೆ ಅಲ್ಲಿಗೇ ತರುತ್ತಾರೆ. ಬೇರೆ ಕಡೆ ಹೋಗಿದ್ದರೆ ಭಾಯಿಗೆ ಹಗುರಾಗುತ್ತಿತ್ತೋ ಏನೋ. ಮನೆಯ ಮುಂದೆ ನಿಲ್ಲಿಸಿದ ಮೇಲೆ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಲು ಬಿಡುತ್ತಾರೆ. ಒಳಗೆ ಹಂಚು ಇಡುವವರು ಯಾರೂ ಇಲ್ಲ. ಭಾಯಿ ಹಳೆಯ ಸಾಮಾನನ್ನು ಈಗಲೂ ಮಾಲೀಕರಿಗೆ ಕೊಡುತ್ತಾರೆ, ಆದರೆ ತೊಳೆಯುವುದಿಲ್ಲ. ಮಸಿ, ಜಿಡ್ಡು ಇದ್ದಂತೆಯೇ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹೊಲಸು ತಾಗಿತು ಎಂದು ಕೆಲವರು ಗೊಣಗುತ್ತಾರೆ.

ಹೋದ ವಾರ ಅಲ್ಲಿ ಕೂತಿದ್ದಾಗ, ಬಹಳ ದಿನದಿಂದ ಬಾಯಿಯವರೆಗೆ ಬಂದು ನಿಂತಿದ್ದ ಮಾತನ್ನು ಕೇಳಿಬಿಟ್ಟೆ. ನನ್ನ ನೆನಪು ಎಂಥದು ಎಂದು ಇಬ್ಬರಿಗೂ ಗೊತ್ತಾಗಿದೆಯಲ್ಲ, ಈ ಸಲವೂ ಅದು ಸುಳ್ಳಾಗಲಿ ಎಂದುಕೊಂಡೇ ಕೇಳಿದೆ.

'ಭಾಯಿ, ವೈನಿ ನಿಮಗ ಮೊದಲಿಂದಾನೂ ಮಿಸ್ತ್ರಿ ಅಂತನ ಕರೀತಿದ್ರಲ್ಲ? ಅಣ್ಣಾರ ಅಂತಿದ್ರು ಅನ್ನೂದು ನನ್ನ ಭ್ರಮಿ ಇರಬೇಕು.'

ಭಾಯಿ ಕೈಯಲ್ಲಿದ್ದ ಬೋಲ್ಟನ್ನು ಊದಿದರು, ಮತ್ತೊಮ್ಮೆ ಊದಿದರು, ಅದನ್ನು ಕೂರಿಸಿದರು.

'ಇಲ್ರಿ ಸರ' ಎಂದರು. 'ಅಣ್ಣಾರ ಅಂತಿದ್ರು. ನಿಮಗ ಬರೋಬ್ಬರಿ ನೆನಪೈತಿ.'